ಮಳೆಗಾಲ ಕಳೆದ ಮೇಲೆ ಕೈಕೊಟ್ಟ ಬೇಸ್ ಆ್ಯಂಪ್: ಒಂದು ಪ್ರಕರಣ

ಮಂಗಳೂರಿನ ಒಂದು ಮದುವೆ ಬ್ಯಾಂಡ್‌ನವರು ಅಕ್ಟೋಬರ್ ಕೊನೆಗೆ ತಮ್ಮ ಬೇಸ್ ಆ್ಯಂಪ್ (ಬೇಸ್ ಗಿಟಾರ್‌ನ ಸೌಂಡ್ ದೊಡ್ಡದು ಮಾಡುವ ಆ್ಯಂಪ್ಲಿಫೈಯರ್) ತಂದು ನನ್ನ ರಿಪೇರಿ ಮೇಜಿನ ಪಕ್ಕ ಇಳಿಸಿದರು. 150 ವ್ಯಾಟ್‌ನ ಕಾಂಬೊ. ಅಂದರೆ ಆ್ಯಂಪ್, ಸ್ಪೀಕರ್ ಎರಡೂ ಒಂದೇ ಪೆಟ್ಟಿಗೆಯಲ್ಲಿ. 15 ಇಂಚಿನ ಸ್ಪೀಕರ್. ಹಳೇ ಕಾಲದ ಗಾಜಿನ ವಾಲ್ವ್ ಇಲ್ಲ, ಪೂರ್ತಿ ಟ್ರಾನ್ಸಿಸ್ಟರ್. ಒಬ್ಬರೇ ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಹತ್ತು ವರ್ಷ ದಾಟಿದೆ.

"ಸ್ಪೀಕರ್ ಹೋಗಿದೆ ಅಣ್ಣ. ಹೊಸದು ಹಾಕಿ ಕೊಡಿ. ಆಗುದಿಲ್ಲ ಅಂದ್ರೆ ಇದನ್ನು ಕೊಟ್ಟು ಬೇರೆ ತಗೊಳ್ತೇವೆ" ಅಂದ ಬೇಸ್ ನುಡಿಸುವ ಹುಡುಗ.

ಸ್ಪೀಕರ್‌ಗೆ ಏನೂ ಆಗಿರಲಿಲ್ಲ. ಆದರೆ ಆ ಪೆಟ್ಟಿಗೆಯಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಮೂರು ತೊಂದರೆಗಳಿದ್ದವು. ಬ್ಯಾಂಡ್‌ನವರು ಎರಡನ್ನು ಸೇರಿಸಿ ಒಂದೇ ಕಾಯಿಲೆ ಅಂದುಕೊಂಡಿದ್ದರು, ಮೂರನೆಯದನ್ನು ತೊಂದರೆ ಅಂತಲೇ ಎಣಿಸಿರಲಿಲ್ಲ. ಮೂರರಲ್ಲಿ ಒಂದು ಜೀವ ತೆಗೆಯುವಂಥದ್ದು. ಬೇಸ್ ಆ್ಯಂಪ್ ಇಟ್ಟುಕೊಂಡವರು ಇದನ್ನು ಓದಬೇಕು ಅಂತ ನನಗೆ ಅನಿಸಿದ್ದು ಮುಖ್ಯವಾಗಿ ಅದಕ್ಕೇ.

ಕೇಳಿ ತಿಳಿದದ್ದು

ಸ್ಕ್ರೂ ಬಿಚ್ಚುವ ಮೊದಲು ಹುಡುಗನನ್ನು ಕೂರಿಸಿ ಒಂದಷ್ಟು ಕೇಳಿದೆ. ಯಾವಾಗ ಶುರುವಾಯ್ತು, ಎಲ್ಲಿ ನುಡಿಸುವಾಗ, ಆಗ ಏನೇನು ಜೋಡಿಸಿದ್ದಿರಿ, ಹೀಗೆ. ನುಡಿಸುವವರ ಕಿವಿ ತುಂಬ ಸೂಕ್ಷ್ಮ. ಅವರಿಗೆ ಗೊತ್ತಿರುವುದರ ಕಾಲು ಭಾಗವನ್ನೂ ತಾವಾಗಿ ಹೇಳುವುದಿಲ್ಲ, ಅಷ್ಟೇ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರ್ಯಕ್ರಮ ಕಡಿಮೆ. ಆ್ಯಂಪ್ ಮನೆಯ ಹಿಂದಿನ ಕೋಣೆಯಲ್ಲಿ, ಗೋಡೆಗೆ ಒತ್ತಿ, ಪ್ಲಾಸ್ಟಿಕ್ ಹೊದಿಸಿಕೊಂಡು ಕೂತಿತ್ತು. ಮಳೆ ಬಿಟ್ಟ ಮೇಲಿನ ಮೊದಲ ಕಾರ್ಯಕ್ರಮದಲ್ಲಿ ಎರಡನೇ ಹಾಡಿಗೆ ಸೌಂಡ್ ಕುಗ್ಗಿತು. ಪೂರ್ತಿ ನಿಲ್ಲಲಿಲ್ಲ, ಕಂಬಳಿಯೊಳಗಿಂದ ಬಂದ ಹಾಗೆ ಸಣ್ಣಗಾಯಿತು. ಜೋರಾಗಿ ಒಂದು ತಂತಿ ಹೊಡೆದರೆ ದಡಕ್ಕನೆ ವಾಪಸ್ ಬರುತ್ತಿತ್ತು. ವಾಲ್ಯೂಮ್ ಏರಿಸಿ ಸರಿಮಾಡಿಕೊಂಡರೆ, ಬಂದಾಗ ಕಿವಿ ಒಡೆಯುವಷ್ಟು.

ಆಮೇಲೆ ಅವನು ಒಂದು ಮಾತು ಹೇಳಿದ. "ಹಾಲ್‌ನಲ್ಲಿ ಮಿಕ್ಸರ್‌ನವರಿಗೆ ನನ್ನ ಬೇಸ್ ಸರಿಯಾಗೇ ಕೇಳ್ತದಂತೆ. ಸ್ಟೇಜಲ್ಲಿ ಮಾತ್ರ ಮಾಯ." ಇದನ್ನು ಕೇಳುತ್ತಿದ್ದ ಹಾಗೆ ಹುಡುಕುವ ಜಾಗ ಅರ್ಧ ಆಯಿತು. ಹೇಗೆ ಅಂತ ಮುಂದೆ ಹೇಳುತ್ತೇನೆ.

ಎರಡನೇ ದೂರು ಹಮ್ಮಿಂಗ್. ಅದು ಮಳೆಗಾಲಕ್ಕಿಂತ ಮುಂಚಿನದು, ನಿಧಾನವಾಗಿ ಜಾಸ್ತಿಯಾಗುತ್ತಾ ಬಂದದ್ದು.

ಮೂರನೆಯದನ್ನು ಅವನು ದೂರು ಅಂತ ಹೇಳಲೇ ಇಲ್ಲ. ಹೊರಡುವಾಗ ಮಾತಿಗೆ ಮಾತು ಬಂದು ಅಂದ: "ರೋಸ್ ಕಾರ್ಯಕ್ರಮಕ್ಕೆ ಹೋದಾಗ ಮೈಕ್ ಹತ್ತಿರ ಬಾಯಿ ಹೋದ್ರೆ ತುಟಿಗೆ ಚುರ್ ಅಂತದೆ. ಅದು ಎಲ್ಲರಿಗೂ ಆಗುದೇ ಅಲ್ವಾ?"

ಅಲ್ಲ ಮಾರಾಯ್ರೆ, ಎಲ್ಲರಿಗೂ ಆಗುವುದಲ್ಲ. ಯಾರಿಗೂ ಆಗಬಾರದು. ಸೌಂಡ್, ಹಮ್ಮಿಂಗ್ ಎರಡನ್ನೂ ಪಕ್ಕಕ್ಕಿಟ್ಟು ಮೊದಲು ಅಲ್ಲಿಂದಲೇ ಶುರು ಮಾಡಿದೆ.

ತುಟಿಗೆ ಹೊಡೆದ ಕರೆಂಟ್

ಕರೆಂಟ್ ವೈರ್‌ನ ತುದಿ ನೋಡಿದೆ. ಮೂರು ಪಿನ್‌ನ ಪ್ಲಗ್ ಇರಬೇಕಾದಲ್ಲಿ ಎರಡು ಪಿನ್ ಪ್ಲಗ್ ಕೂತಿತ್ತು. ಒಳಗಿನ ಹಸಿರು ವೈರ್ ಅನ್ನು ಕತ್ತರಿಸಿ ಟೇಪ್ ಸುತ್ತಿದ್ದರು. ಇದನ್ನು ಮಾಡಿದವರಿಗೆ ಕೆಟ್ಟ ಉದ್ದೇಶ ಇರಲಿಲ್ಲ. ಒಂದು ಹಾಲ್‌ನಲ್ಲಿ ಆ್ಯಂಪ್‌ನ ಹಿಂದಿನ ಡಿಐ ಔಟ್‌ನಿಂದ (ಬೇಸ್‌ನ ಸಿಗ್ನಲ್ ಅನ್ನು ನೇರ ಮಿಕ್ಸರ್‌ಗೆ ಕಳಿಸುವ ಜಾಕ್) ಮಿಕ್ಸರ್‌ಗೆ ಕೇಬಲ್ ಹಾಕಿದ ಕೂಡಲೇ ಹಮ್ಮಿಂಗ್ ಬಂದಿತ್ತಂತೆ. ಸೌಂಡ್ ಸಿಸ್ಟಮ್‌ನವರು ಅರ್ಥ್ ತೆಗೆದರು, ಹಮ್ಮಿಂಗ್ ನಿಂತಿತು, ಎಲ್ಲರೂ ಖುಷಿಯಾದರು. ಅಲ್ಲಿಂದ ಆ ಪ್ಲಗ್ ಹಾಗೇ ಉಳಿಯಿತು.

ಆ ಹಮ್ಮಿಂಗ್ ಯಾಕೆ ಬರುತ್ತದೆ ಅಂದರೆ, ಆ್ಯಂಪ್ ಸ್ಟೇಜಿನ ಸಾಕೆಟ್‌ನಲ್ಲಿದೆ, ಮಿಕ್ಸರ್ ಹಾಲ್‌ನ ಹಿಂದಿನ ಸಾಕೆಟ್‌ನಲ್ಲಿದೆ. ಎರಡಕ್ಕೂ ಅರ್ಥ್ ಇದೆ, ಆದರೆ ಬೇರೆ ಬೇರೆ ದಾರಿಯಿಂದ. ನಡುವೆ ಡಿಐ ಕೇಬಲ್‌ನ ಹೊರ ಜಾಲರಿ ಎರಡನ್ನೂ ಸೇರಿಸುತ್ತದೆ. ಅಲ್ಲಿಗೆ ಒಂದು ಸುತ್ತು ಪೂರ್ತಿಯಾಯಿತು. ಆ ಸುತ್ತಿನಲ್ಲಿ ಸಣ್ಣ ಕರೆಂಟ್ ಓಡಿ 50 ಹರ್ಟ್ಸ್ ಆಗಿ ಸ್ಪೀಕರ್‌ನಲ್ಲಿ ಕೇಳುತ್ತದೆ. ಸುತ್ತನ್ನು ಎಲ್ಲಾದರೂ ಒಂದು ಕಡೆ ಬಿಡಿಸಿದರೆ ಸದ್ದು ಹೋಗುತ್ತದೆ, ನಿಜ. ಆದರೆ ಕರೆಂಟ್ ಪ್ಲಗ್‌ನಲ್ಲಿ ಮಾತ್ರ ಯಾವತ್ತೂ ಬಿಡಿಸಬಾರದು.

ಈಗ ಆ ಹುಡುಗನ ಅನುಭವ ನೋಡಿ. ಹಾಲ್‌ನಲ್ಲಿ ಡಿಐ ಕೇಬಲ್ ಹಾಕಿರುತ್ತಿದ್ದರು. ಆ ಜಾಲರಿಯ ಮೂಲಕ ಆ್ಯಂಪ್‌ನ ಮೈಗೆ ಮಿಕ್ಸರ್ ಕಡೆಯಿಂದ ಹೇಗೋ ಅರ್ಥ್ ಸಿಗುತ್ತಿತ್ತು. ಶಾಕ್ ಇಲ್ಲ. ರೋಸ್ ಅಂದರೆ ಇಲ್ಲಿನ ಕ್ರೈಸ್ತರಲ್ಲಿ ಮದುವೆಯ ಹಿಂದಿನ ದಿನ ಮನೆಯಂಗಳದಲ್ಲಿ ಆಗುವ, ತೆಂಗಿನ ಹಾಲು ಹಚ್ಚುವ ಶಾಸ್ತ್ರ. ಚಿಕ್ಕ ಜಾಗ, ಬೇಸ್ ಅನ್ನು ಮಿಕ್ಸರ್‌ಗೆ ಹಾಕುವುದಿಲ್ಲ, ಆ್ಯಂಪ್ ಒಂದೇ ಸಾಕು. ಆಗ ಆ್ಯಂಪ್‌ನ ಮೈಗೆ ಎಲ್ಲಿಂದಲೂ ಅರ್ಥ್ ಇಲ್ಲ. ಬೇಸ್ ಗಿಟಾರ್‌ನ ತಂತಿಗಳು ಬ್ರಿಡ್ಜ್ ಮೂಲಕ, ಕೇಬಲ್ ಮೂಲಕ ಆ್ಯಂಪ್‌ನ ಮೈಗೇ ಜೋಡಣೆಯಾಗಿರುತ್ತವೆ. ಮೈಕ್‌ನ ಲೋಹದ ಜಾಲರಿ ಮಿಕ್ಸರ್ ಮೂಲಕ ಅರ್ಥ್ ಆಗಿರುತ್ತದೆ. ಕೈ ತಂತಿಯ ಮೇಲೆ, ತುಟಿ ಮೈಕ್‌ಗೆ. ನಡುವಿನ ವೈರ್ ಅಂದರೆ ನುಡಿಸುವವನೇ. ಅಂಗಳದಲ್ಲಿ ತೆಂಗಿನ ಹಾಲು, ನೀರು ಚೆಲ್ಲಿ ನೆಲ ಒದ್ದೆ, ಕಾಲಿಗೆ ಚಪ್ಪಲಿ ಇಲ್ಲ.

ಅದೇ ಪ್ಲಗ್ ಹಾಕಿ ಅಳೆದೆ. ಆ್ಯಂಪ್‌ನ ಮೈಗೂ ಸಾಕೆಟ್‌ನ ಅರ್ಥ್‌ಗೂ ನಡುವೆ ಮೀಟರ್ 90 ವೋಲ್ಟ್ ಆಸುಪಾಸು ತೋರಿಸಿತು. ತಂತಿಗೆ ಟೆಸ್ಟರ್ ಇಟ್ಟರೆ ಮಂದವಾಗಿ ಉರಿಯಿತು. ಇದು ಟ್ರಾನ್ಸ್‌ಫಾರ್ಮರ್ ಸುರುಳಿಯಿಂದ ಸೋರಿ ಬಂದ ಅಲ್ಪ ಕರೆಂಟ್. ಚುರ್ ಅನ್ನಿಸುತ್ತದೆ, ಅದರಿಂದಲೇ ಪ್ರಾಣ ಹೋಗುವುದಿಲ್ಲ. ಅಪಾಯ ಇರುವುದು ಮುಂದಿನ ಹಂತದಲ್ಲಿ. ಒಳಗೆ ಇನ್ಸುಲೇಷನ್ ಒಂದು ದಿನ ಕೈಕೊಟ್ಟು ಫೇಸ್ ವೈರ್ ಮೈಗೆ ತಾಗಿತು ಅಂದುಕೊಳ್ಳಿ. ಅರ್ಥ್ ಇದ್ದರೆ ಫ್ಯೂಸ್ ಹಾರುತ್ತದೆ ಅಥವಾ ಬ್ರೇಕರ್ ಬೀಳುತ್ತದೆ. ಅರ್ಥ್ ಇಲ್ಲದಿದ್ದರೆ ಪೂರ್ತಿ 230 ವೋಲ್ಟ್ ತಂತಿಯ ಮೇಲೆ ಬಂದು ಕೂರುತ್ತದೆ, ಮುಟ್ಟುವವರಿಗೆ ಕಾಯುತ್ತಾ. 1972ರ ಮೇನಲ್ಲಿ ಸ್ಟೋನ್ ದ ಕ್ರೋಸ್ ಬ್ಯಾಂಡ್‌ನ ಗಿಟಾರ್ ವಾದಕ ಲೆಸ್ ಹಾರ್ವೆ ವೇಲ್ಸ್‌ನ ಸ್ವಾನ್ಸಿಯಲ್ಲಿ ಸ್ಟೇಜಿನ ಮೇಲೆಯೇ ಸತ್ತರು. ಸರಿಯಾಗಿ ಅರ್ಥ್ ಆಗದ ಮೈಕ್ ಮುಟ್ಟಿದ್ದೇ ಕಾರಣ.

ಇನ್ನೊಂದು ವಿಷಯ ಅಲ್ಲೇ ಸಿಕ್ಕಿತು. ಫ್ಯೂಸ್ 2 ಆಂಪಿಯರ್ ಸ್ಲೋ ಬ್ಲೋ ಇರಬೇಕು ಅಂತ ಪೆಟ್ಟಿಗೆಯ ಹಿಂದೆಯೇ ಬರೆದಿದೆ. ಒಳಗಿದ್ದದ್ದು 10 ಆಂಪಿಯರ್. ಅರ್ಥ್ ಇಲ್ಲ, ಫ್ಯೂಸೂ ಇಲ್ಲದ ಹಾಗೆಯೇ. ನನಗೆ ನಿಜವಾಗಿ ಬೇಸರವಾಯಿತು.

ಮೂರು ಪಿನ್‌ನ ಹೊಸ ವೈರ್ ಹಾಕಿದೆ. ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಇಟ್ಟು ಟ್ರಾನ್ಸ್‌ಫಾರ್ಮರ್‌ನ ಇನ್ಸುಲೇಷನ್ ಪರೀಕ್ಷಿಸಿದೆ, ಗಟ್ಟಿಯಾಗಿತ್ತು. ಸರಿಯಾದ ಫ್ಯೂಸ್ ಕೂರಿಸಿದೆ. ಹಾಗಾದರೆ ಹಾಲ್‌ನಲ್ಲಿ ಮತ್ತೆ ಹಮ್ಮಿಂಗ್ ಬರುವುದಿಲ್ಲವಾ? ಬರಬಹುದು. ಅದಕ್ಕೆ ಮದ್ದು ಆ ಆ್ಯಂಪ್‌ನಲ್ಲೇ ಇತ್ತು. ಡಿಐ ಔಟ್ ಪಕ್ಕದಲ್ಲಿ ಗ್ರೌಂಡ್ ಲಿಫ್ಟ್ ಅಂತ ಬರೆದ ಚಿಕ್ಕ ಬಟನ್. ಅದನ್ನು ಒತ್ತಿದರೆ ಡಿಐ ಔಟ್‌ಗೆ ಹಾಕುವ ಎಕ್ಸ್‌ಎಲ್‌ಆರ್ ಕೇಬಲ್‌ನ 1ನೇ ಪಿನ್, ಅಂದರೆ ಜಾಲರಿಯ ಜೋಡಣೆ, ಮಾತ್ರ ಬಿಡುತ್ತದೆ. ಸುತ್ತು ಕಡಿಯುತ್ತದೆ, ಕರೆಂಟ್ ಕಡೆಯ ಅರ್ಥ್ ಹಾಗೇ ಇರುತ್ತದೆ. ಅಷ್ಟು ವರ್ಷ ಆ ಬಟನ್ ಅನ್ನು ಯಾರೂ ಮುಟ್ಟಿರಲಿಲ್ಲ. ನಿಮ್ಮ ಆ್ಯಂಪ್‌ನಲ್ಲಿ ಅಂಥ ಬಟನ್ ಇಲ್ಲದಿದ್ದರೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ಒಂದನ್ನು ತಗೊಳ್ಳಿ. ಅಥವಾ ಆ್ಯಂಪ್‌ಗೂ ಮಿಕ್ಸರ್‌ಗೂ ಒಂದೇ ಬೋರ್ಡ್‌ನಿಂದ ಕರೆಂಟ್ ಎಳೆಯಿರಿ. ಎಷ್ಟೋ ಸಲ ಅಷ್ಟರಲ್ಲೇ ಮುಗಿಯುತ್ತದೆ.

ಬರುವ ಹೋಗುವ ಸೌಂಡ್

ಈಗ ಮೊದಲ ದೂರು. ಬೇಸ್ ಗಿಟಾರ್‌ನಿಂದ ಸ್ಪೀಕರ್‌ವರೆಗಿನ ದಾರಿಯನ್ನು ಮಧ್ಯದಲ್ಲಿ ಕತ್ತರಿಸಿ, ತೊಂದರೆ ಯಾವ ಅರ್ಧದಲ್ಲಿದೆ ಅಂತ ನೋಡುತ್ತಾ ಹೋಗುವುದು ನನ್ನ ಕ್ರಮ. ಮೊದಲು ಕೇಬಲ್ ಬದಲಿಸಿದೆ. ಅವನದು ಆ್ಯಕ್ಟಿವ್ ಬೇಸ್, ಒಳಗೆ 9 ವೋಲ್ಟ್ ಬ್ಯಾಟರಿ ಇರುತ್ತದೆ. ಅದು ಇಳಿದರೂ ಸೌಂಡ್ ಒಡೆಯುತ್ತದೆ, ಕುಗ್ಗುತ್ತದೆ. ಅದನ್ನೂ ಬದಲಿಸಿದೆ. ತೊಂದರೆ ಹಾಗೇ ಇತ್ತು.

ಮಿಕ್ಸರ್‌ನವರಿಗೆ ಸರಿಯಾಗಿ ಕೇಳುತ್ತಿತ್ತು ಅಂದನಲ್ಲ. ಈ ಆ್ಯಂಪ್‌ನಲ್ಲಿ ಡಿಐ ಔಟ್ ಪ್ರೀಆ್ಯಂಪ್ (ಗಿಟಾರ್‌ನ ಸಣ್ಣ ಸಿಗ್ನಲ್ ಅನ್ನು ಮೊದಲು ಹಿಗ್ಗಿಸುವ ಭಾಗ) ಮುಗಿದ ತಕ್ಷಣ ಬರುತ್ತದೆ. ಅಲ್ಲಿ ಸೌಂಡ್ ಸರಿ ಇದೆ ಅಂದರೆ ಗಿಟಾರ್, ಕೇಬಲ್, ಇನ್‌ಪುಟ್ ಜಾಕ್, ಬೇಸ್ ಟ್ರೆಬಲ್ ಪಾಟ್‌ಗಳು (ತಿರುಗಿಸುವ ಕಂಟ್ರೋಲ್‌ಗಳು) ಎಲ್ಲ ಸರಿ. ತೊಂದರೆ ಅದರ ಆಚೆ. ಆಚೆ ಇರುವುದು ಎಫೆಕ್ಟ್ಸ್ ಲೂಪ್, ಸ್ಪೀಕರ್‌ಗೆ ಬಲ ಕೊಡುವ ಪವರ್ ಆ್ಯಂಪ್, ಸ್ಪೀಕರ್. ಅಷ್ಟೇ.

ಎಫೆಕ್ಟ್ಸ್ ಲೂಪ್ ಅಂದರೆ ಹಿಂದಿರುವ ಎರಡು ಜಾಕ್, ಸೆಂಡ್ ಮತ್ತು ರಿಟರ್ನ್. ಸೌಂಡ್ ಬದಲಿಸುವ ಪೆಡಲ್ ಜೋಡಿಸಬೇಕಾದವರಿಗೆ. ಏನೂ ಹಾಕದೆ ಇದ್ದಾಗ ರಿಟರ್ನ್ ಜಾಕ್ ಒಳಗಿನ ಸ್ಪ್ರಿಂಗ್ ಎಲೆಯೊಂದು ಪಕ್ಕದ ಪಾಯಿಂಟ್‌ಗೆ ಒತ್ತಿಕೊಂಡು ಸೌಂಡನ್ನು ಮುಂದೆ ದಾಟಿಸುತ್ತದೆ. ನುಡಿಸಿದ ಪ್ರತಿ ಸ್ವರವೂ ಆ ಒಂದು ಚುಕ್ಕಿಯಷ್ಟು ಲೋಹದ ಮೂಲಕವೇ ಹೋಗಬೇಕು. ಲೂಪ್ ಬಳಸುವ ಅಭ್ಯಾಸ ಈ ಬ್ಯಾಂಡ್‌ಗೆ ಇರಲಿಲ್ಲ. ಹಾಗಾಗಿ ಆ ಎಲೆ ವರ್ಷಗಟ್ಟಲೆ ಅಲ್ಲಾಡಿರಲಿಲ್ಲ. ಕಡಲ ಬದಿಯ ಊರು, ಗಾಳಿಯಲ್ಲಿ ಉಪ್ಪು. ಮೇಲೆ ನಾಲ್ಕು ತಿಂಗಳ ಮಳೆ, ಪ್ಲಾಸ್ಟಿಕ್ ಒಳಗೆ ಬೆವರಿದ ತೇವ. ಪಾಯಿಂಟ್ ಮೇಲೆ ಕಿಲುಬು ಹಿಡಿಯಿತು. ಸಣ್ಣ ಸಿಗ್ನಲ್ ಆ ಪದರ ದಾಟುವುದಿಲ್ಲ. ಜೋರಾಗಿ ಹೊಡೆದರೆ ವೋಲ್ಟೇಜ್ ಏರುತ್ತದೆ, ಪೆಟ್ಟಿಗೆಯೂ ನಡುಗುತ್ತದೆ. ಎಲೆ ಒಂಚೂರು ಸರಿದು ಸೌಂಡ್ ವಾಪಸ್.

ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು, ಪೆಟ್ಟಿಗೆ ಬಿಚ್ಚಬೇಕಾಗಿಲ್ಲ. ವಾಲ್ಯೂಮ್ ಇಳಿಸಿ. ಒಂದು ಸಣ್ಣ ಪ್ಯಾಚ್ ಕೇಬಲ್ ತಗೊಂಡು ಸೆಂಡ್‌ನಿಂದ ರಿಟರ್ನ್‌ಗೆ ಹಾಕಿ. ಈಗ ಸೌಂಡ್ ಆ ಎಲೆಯನ್ನು ಬಿಟ್ಟು ಕೇಬಲ್ ಮೂಲಕ ಹೋಗುತ್ತದೆ. ಹಾಕಿದ ಮೇಲೆ ಸೌಂಡ್ ಕುಗ್ಗದೆ ಒಂದೇ ಸಮ ಬಂದರೆ ತೊಂದರೆ ಆ ಎಲೆಯಲ್ಲೇ. ಕೇಬಲ್ ಹಾಕಿ ಹುಡುಗನಿಗೆ ನುಡಿಸಲು ಹೇಳಿದೆ. ಒಂದು ಸಲವೂ ಕುಗ್ಗಲಿಲ್ಲ. ಆ ಕೇಬಲ್ ಹಾಗೇ ಬಿಟ್ಟು ಕಾರ್ಯಕ್ರಮ ಮುಗಿಸಬಹುದು ಕೂಡ. ಸ್ಟೇಜ್ ಮೇಲೆ ಸೌಂಡ್ ಕೈಕೊಟ್ಟಾಗ ಇದೊಂದು ಗೊತ್ತಿದ್ದರೆ ಆ ರಾತ್ರಿ ಉಳಿಯುತ್ತದೆ.

ಬಿಚ್ಚುವುದು ಬೇರೆ ಮಾತು. ಪ್ಲಗ್ ತೆಗೆದ ಮೇಲೂ ದೊಡ್ಡ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಇರುತ್ತದೆ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಚಟ್ ಅನ್ನಿಸುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. 1 ಕಿಲೋ ಓಮ್, 5 ವ್ಯಾಟ್‌ನ ರೆಸಿಸ್ಟರ್ ಮೂಲಕ ನಿಧಾನವಾಗಿ ಇಳಿಸಿ, ಮೀಟರ್‌ನಲ್ಲಿ ನೋಡಿಯೇ ಕೈ ಹಾಕಿದೆ. ವಾಲ್ವ್ ಆ್ಯಂಪ್ ಆಗಿದ್ದರೆ ಒಳಗೆ ನೂರಾರು ವೋಲ್ಟ್. ಅದನ್ನು ಗೊತ್ತಿದ್ದವರಿಗೇ ಬಿಡಬೇಕು.

ರಿಟರ್ನ್ ಜಾಕ್‌ನ ಪಾಯಿಂಟ್ ಕಪ್ಪಾಗಿತ್ತು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಪ್ಲಗ್ ಹಾಕಿ ತೆಗೆದು ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಇಲ್ಲಿ ಮೇಲಿನ ಲೇಪನವೇ ಸವೆದಿತ್ತು, ಹೊಸ ಜಾಕ್ ಹಾಕಿದೆ. ಉಳಿದ ಜಾಕ್, ಪಾಟ್‌ಗಳಿಗೂ ಕ್ಲೀನರ್ ಕೊಟ್ಟೆ. ಬಾಗಿಲಿನ ಕೀಲಿಗೆ ಹಾಕುವ ಎಣ್ಣೆ ಸ್ಪ್ರೇಯನ್ನು ಮಾತ್ರ ಪಾಟ್‌ಗೆ ಹೊಡೆಯಬೇಡಿ. ಅಂಟು ಉಳಿದು ಧೂಳು ಹಿಡಿಯುತ್ತದೆ. ಇನ್‌ಪುಟ್ ಜಾಕ್ ಬೋರ್ಡ್‌ಗೆ ಕೂರುವಲ್ಲಿ ಸೋಲ್ಡರ್ ಸುತ್ತ ಕೂದಲೆಳೆಯ ಬಿರುಕು ಕಾಣಿಸಿತು. ಕೇಬಲ್ ಎಳೆದಾಡುವ ಜಾಗ, ಬೇಸ್ ಪೆಟ್ಟಿಗೆಯ ನಡುಕ ಬೇರೆ. ಅದನ್ನೂ ಹೊಸದಾಗಿ ಸೋಲ್ಡರ್ ಮಾಡಿದೆ.

ಉಳಿದ ಹಮ್ಮಿಂಗ್

ಅರ್ಥ್ ಸರಿಯಾಗಿದೆ, ಡಿಐ ಕೇಬಲ್ ಇಲ್ಲ, ಗಿಟಾರ್ ಕೂಡ ಹಾಕಿಲ್ಲ, ಎಲ್ಲ ಪಾಟ್ ಸೊನ್ನೆ. ಆದರೂ ಹಮ್ಮಿಂಗ್. ವಾಲ್ಯೂಮ್ ತಿರುಗಿಸಿದರೆ ಬದಲಾಗುವುದೂ ಇಲ್ಲ. ಅಲ್ಲಿಗೆ ಇದು ಪ್ರೀಆ್ಯಂಪ್‌ನದಲ್ಲ.

ಇಲ್ಲಿ ಹುಡುಗನ ಕಿವಿ ಕೆಲಸಕ್ಕೆ ಬಂತು. "ಮೊದಲು ಹಾಲ್‌ನಲ್ಲಿ ಬರ್ತಿದ್ದದ್ದು ಇದಲ್ಲ ಅಣ್ಣ. ಅದು ಇನ್ನೂ ಕೆಳಗೆ ಇತ್ತು" ಅಂದ. ಬೇಸ್ ತಗೊಂಡು ಹೋಲಿಸಿ ನೋಡು ಅಂದೆ. ಜಿ ತಂತಿಯನ್ನು ಖಾಲಿ ಮೀಟಿದ. ಹಮ್ಮಿಂಗ್ ಅದಕ್ಕಿಂತ ಒಂದು ಚೂರು ಮೇಲೆ. ಮೊದಲಿನದು? ಇ ತಂತಿಯ ಮೂರನೇ ಫ್ರೆಟ್ ಒತ್ತಿ ತೋರಿಸಿದ.

ಲೆಕ್ಕ ಸರಿಯಾಗಿ ಕೂತಿತು. ಇ ತಂತಿಯ ಮೂರನೇ ಫ್ರೆಟ್ ಅಂದರೆ 49 ಹರ್ಟ್ಸ್, ನಮ್ಮ ಲೈನ್ ಕರೆಂಟ್ 50. ಖಾಲಿ ಜಿ ತಂತಿ 98 ಹರ್ಟ್ಸ್. ಕರೆಂಟನ್ನು ಡಿಸಿ ಮಾಡುವಾಗ ಎರಡೂ ಅರ್ಧ ಅಲೆಗಳು ಒಂದೇ ಕಡೆಗೆ ಮಡಚಿಕೊಂಡು 100 ಹರ್ಟ್ಸ್‌ನ ಏರಿಳಿತ ಆಗುತ್ತದೆ. ಅದನ್ನು ಸಪಾಟು ಮಾಡುವುದು ದೊಡ್ಡ ಫಿಲ್ಟರ್ ಕೆಪಾಸಿಟರ್‌ಗಳ ಕೆಲಸ. ಅವು ಒಣಗಿದರೆ 100 ಹರ್ಟ್ಸ್ ಸೋರಿ ಬರುತ್ತದೆ. ಬೇಸ್ ನುಡಿಸುವವರಿಗೆ ಈ ಎರಡು ಸ್ವರಗಳು ಕೈಯಲ್ಲೇ ಇವೆ. ಹಮ್ಮಿಂಗ್ ಯಾವುದಕ್ಕೆ ಹತ್ತಿರ ಅಂತ ನೋಡಿದರೆ ತೊಂದರೆ ಹೊರಗಿನ ವೈರಿಂಗ್‌ನಲ್ಲೋ ಆ್ಯಂಪ್‌ನ ಒಳಗಿನ ಪವರ್ ಸಪ್ಲೈನಲ್ಲೋ ಅಂತ ಒಂದು ಅಂದಾಜು ಸಿಗುತ್ತದೆ. 50ರ ಜೊತೆ ಅದರ ಮೇಲಿನ ಸ್ವರಗಳೂ ಬೆರೆತಿರುತ್ತವೆ, ಹಾಗಾಗಿ ಕಿವಿಯೊಂದನ್ನೇ ನಂಬಬಾರದು. ಆದರೂ ಎಷ್ಟು ಚಂದ ಅಲ್ವಾ? ಅಮೆರಿಕದಲ್ಲಿ ಲೈನ್ 60 ಹರ್ಟ್ಸ್, ಅಲ್ಲಿನವರಿಗೆ ಈ ಲೆಕ್ಕ ಕೂರುವುದಿಲ್ಲ. ಅವರ ಹಮ್ಮಿಂಗ್ ಬಿ ಫ್ಲಾಟ್‌ಗೂ ಬಿಗೂ ನಡುವೆ ಎಲ್ಲೋ ಬೀಳುತ್ತದೆ.

ಮೀಟರ್ ಇಟ್ಟು ಖಚಿತ ಮಾಡಿಕೊಂಡೆ. ಪವರ್ ಆ್ಯಂಪ್‌ಗೆ ಪ್ಲಸ್ 42, ಮೈನಸ್ 42 ವೋಲ್ಟ್‌ನ ಎರಡು ಸಪ್ಲೈ. ಸುಮ್ನೆ ಆನ್ ಇದ್ದಾಗ ಪ್ಲಸ್ ಕಡೆ ಏರಿಳಿತ 60 ಮಿಲಿವೋಲ್ಟ್. ಮೈನಸ್ ಕಡೆ 1 ವೋಲ್ಟ್‌ಗಿಂತ ಜಾಸ್ತಿ. ಆ ಕಡೆಯ ಕೆಪಾಸಿಟರ್‌ನ ತಲೆ ಉಬ್ಬಿತ್ತು. 4700 ಮೈಕ್ರೋಫ್ಯಾರಡ್, 63 ವೋಲ್ಟ್. ಕೆಟ್ಟದ್ದು ಒಂದೇ ಆದರೂ ಎರಡನ್ನೂ ಬದಲಿಸಿದೆ. ಎರಡಕ್ಕೂ ಒಂದೇ ವಯಸ್ಸು, ಇನ್ನೊಂದು ಹೋಗುವುದಕ್ಕೆ ಕಾಯುವುದರಲ್ಲಿ ಅರ್ಥವಿಲ್ಲ. 105 ಡಿಗ್ರಿ ತಾಳುವ ಮಾಲೇ ಹಾಕಿದೆ. ನಮ್ಮ ಸೆಕೆಗೆ 85 ಡಿಗ್ರಿಯದು ಬೇಗ ಒಣಗುತ್ತದೆ.

ಬೋರ್ಡ್‌ನ ಒಂದು ಮೂಲೆಯಲ್ಲಿ ಹಲ್ಲಿ ಹಿಕ್ಕೆ, ಅದರ ಕೆಳಗೆ ತಾಮ್ರ ಹಸಿರಾಗಲು ಶುರುವಾಗಿತ್ತು. ಬ್ರಷ್, ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ತೊಳೆದೆ. ಸ್ಪೀಕರ್ ಪೆಟ್ಟಿಗೆಯ ಗಾಳಿ ಕಿಂಡಿಯಿಂದ ಅವು ಒಳಗೆ ಬರುತ್ತವೆ. ತೆಳ್ಳಗಿನ ನೈಲಾನ್ ಜಾಲರಿ ಹಾಕಿ ಕೊಟ್ಟೆ, ಗಾಳಿಗೆ ಅಡ್ಡಿಯಾಗದ ಹಾಗೆ.

ಮೊದಲ ಸಲ ಆನ್ ಮಾಡಿದ್ದು ಸೀರೀಸ್ ಬೋರ್ಡ್‌ನಲ್ಲಿ, 100 ವ್ಯಾಟ್‌ನ ಹಳೇ ಫಿಲಮೆಂಟ್ ಬಲ್ಬ್ ಮೂಲಕ. ಬಲ್ಬ್ ಒಮ್ಮೆ ಹೊಳೆದು ಮಂದವಾಯಿತು. ಒಳಗೆ ಶಾರ್ಟ್ ಇಲ್ಲ ಅಂತ ಅರ್ಥ. ಸ್ಪೀಕರ್ ಜೋಡಿಸುವ ಮೊದಲು ಔಟ್‌ಪುಟ್‌ನಲ್ಲಿ ಡಿಸಿ ನೋಡಿದೆ, 20 ಮಿಲಿವೋಲ್ಟ್ ಒಳಗಿತ್ತು. ಅಲ್ಲಿ ಡಿಸಿ ಜಾಸ್ತಿ ಇದ್ದರೆ ಸ್ಪೀಕರ್ ನಿಜಕ್ಕೂ ಸುಟ್ಟುಹೋಗುತ್ತದೆ.

ಸ್ಪೀಕರ್, ಮತ್ತೆ ಹೊಸದರ ಮಾತು

ಸ್ಪೀಕರ್ 4 ಓಮ್‌ನದು, ಮೀಟರ್‌ನಲ್ಲಿ 3.4 ತೋರಿಸಿತು. ಅದು ಸರಿ. ಕೋನ್ ಅನ್ನು ಎರಡು ಕಡೆ ಬೆರಳಿಟ್ಟು ಮೆಲ್ಲಗೆ ಒತ್ತಿದರೆ ಕರಕರ ಇಲ್ಲ. ನುಡಿಸುವಾಗ ಬರ್‌ ಅನ್ನುವ ಸದ್ದೂ ಬರುತ್ತದೆ ಅಂತ ಬ್ಯಾಂಡ್‌ನವರು ಹೇಳಿದ್ದರು. ಅದು ಸ್ಪೀಕರ್ ಕೂರಿಸಿದ ಸ್ಕ್ರೂಗಳು ಸಡಿಲಾಗಿ ಬಂದದ್ದು. ಎದುರು ಬದುರಾಗಿ ಒಂದೊಂದೇ ಬಿಗಿ ಮಾಡಿದೆ. ಬಲ ಜಾಸ್ತಿ ಹಾಕಿದರೆ ಮರದಲ್ಲಿ ನಟ್ ತಿರುಗಿ ಹಾಳಾಗುತ್ತದೆ.

"ಈಗ ಕ್ಲಾಸ್ ಡಿ ಹೆಡ್ ಎರಡು ಮೂರು ಕಿಲೋಗೆ ಬರ್ತದಲ್ಲ, ಅದೇ ಒಳ್ಳೇದಲ್ವಾ?" ಅಂತ ಕೇಳಿದ. ಕ್ಲಾಸ್ ಡಿ ಹೆಡ್ ಅಂದರೆ ಸ್ಪೀಕರ್ ಇಲ್ಲದ, ಹಗುರವಾದ ಹೊಸ ಬಗೆಯ ಆ್ಯಂಪ್. ಹೊರುವುದಕ್ಕೆ ಖಂಡಿತ ಒಳ್ಳೆಯದು. ಆದರೆ ಅದರ ಬೋರ್ಡ್ ಮೇಲೆ ಇರುವೆ ಗಾತ್ರದ ಬಿಡಿಭಾಗಗಳು. ಕೆಟ್ಟರೆ ಹೆಚ್ಚಾಗಿ ಇಡೀ ಮಾಡ್ಯೂಲ್ ಬದಲಿಸಬೇಕು, ಅದು ನಮ್ಮ ಕಡೆ ಸುಲಭಕ್ಕೆ ಸಿಗುವುದಿಲ್ಲ. ಇವನ ಭಾರದ ಪೆಟ್ಟಿಗೆಯ ಒಂದೊಂದು ಭಾಗವೂ ಮಾರ್ಕೆಟ್‌ನಲ್ಲಿ ಸಿಗುತ್ತದೆ. ಆ್ಯಂಪೆಗ್ ಕಂಪನಿ 1960ರಲ್ಲಿ ತಂದ ಬಿ-15 ಆ್ಯಂಪ್‌ಗಳು ಇವತ್ತಿಗೂ ಸ್ಟುಡಿಯೋಗಳಲ್ಲಿ ಕೆಲಸ ಮಾಡುತ್ತಿವೆ. ಕೆಪಾಸಿಟರ್, ವಾಲ್ವ್ ಬದಲಿಸುತ್ತಾ ಬಂದದ್ದಕ್ಕೆ. ರಿಪೇರಿ ಆಗುವ ವಸ್ತುವನ್ನು ಸುಮ್ನೆ ಕೊಡಬೇಡಿ ಅಂದೆ. ಅವನು ಒಪ್ಪಿದ.

ಮಳೆಗಾಲಕ್ಕೆ ಏನು ಮಾಡಬೇಕು ಅಂತಲೂ ಹೇಳಿ ಕಳಿಸಿದೆ. ಗೋಡೆಯಿಂದ ದೂರ, ಮರದ ಹಲಗೆ ಮೇಲೆ ಇಡಿ. ಪ್ಲಾಸ್ಟಿಕ್ ಬೇಡ, ಹತ್ತಿ ಬಟ್ಟೆ ಹೊದಿಸಿ. ವಾರಕ್ಕೊಮ್ಮೆ ಅರ್ಧ ಗಂಟೆ ಆನ್ ಮಾಡಿ ನುಡಿಸಿ, ಒಳಗಿನ ಬಿಸಿಗೆ ತೇವ ಹೋಗುತ್ತದೆ. ಆನ್ ಮಾಡುವ ಮೊದಲು ಎಲ್ಲ ಪಾಟ್‌ಗಳನ್ನು ಆಚೀಚೆ ತಿರುಗಿಸಿ, ಖಾಲಿ ಜಾಕ್‌ಗಳಿಗೆ ಒಂದು ಪ್ಲಗ್ ಹಾಕಿ ತೆಗೆಯಿರಿ.

ಕಡೆಯದಾಗಿ ಒಂದು ಮಲ್ಟಿಮೀಟರ್ ತಗೊಳ್ಳಿ ಅಂದೆ. ಶಾಮಿಯಾನ, ಜನರೇಟರ್ ಇರುವ ಕಡೆ ತ್ರೀ ಫೇಸ್‌ನ ನ್ಯೂಟ್ರಲ್ ಸಡಿಲಾದರೆ ಒಂದು ಸಾಕೆಟ್‌ನಲ್ಲಿ ವೋಲ್ಟೇಜ್ ಇಳಿದು ಇನ್ನೊಂದರಲ್ಲಿ ಏರುತ್ತದೆ. ನ್ಯೂಟ್ರಲ್ ಪೂರ್ತಿ ಬಿಟ್ಟರೆ 400ರ ಹತ್ತಿರಕ್ಕೂ ಹೋಗಬಹುದು. ಪ್ಲಗ್ ಹಾಕುವ ಮೊದಲು ಅಳೆಯಿರಿ, ಕಾರ್ಯಕ್ರಮದ ನಡುವೆ ಲೈಟ್‌ಗಳು ಒಂದು ಕಡೆ ಮಂಕಾಗಿ ಇನ್ನೊಂದು ಕಡೆ ಜಾಸ್ತಿ ಉರಿದರೆ ತಕ್ಷಣ ಪ್ಲಗ್ ಕೀಳಿ ಅಂದೆ.

ಜನವರಿಯಲ್ಲಿ ಹುಡುಗ ಫೋನ್ ಮಾಡಿದ. ಒಂದು ಮದುವೆಯಲ್ಲಿ ಸ್ಟೇಜಿನ ಎಡಗಡೆ ಸಾಕೆಟ್‌ನಲ್ಲಿ 190, ಬಲಗಡೆ 270 ವೋಲ್ಟ್ ಬಂತಂತೆ. ಅವರು ಏನನ್ನೂ ಜೋಡಿಸದೆ ಜನರೇಟರ್‌ನವರನ್ನು ಕರೆಸಿದರು. ಜಂಕ್ಷನ್ ಬಾಕ್ಸ್‌ನಲ್ಲಿ ನ್ಯೂಟ್ರಲ್ ವೈರ್‌ನ ಸ್ಕ್ರೂ ಕೈಯಲ್ಲೇ ತಿರುಗುತ್ತಿತ್ತು. ಬಿಗಿ ಮಾಡಿ, ಎರಡೂ ಕಡೆ 230 ಬಂದ ಮೇಲೆ ನುಡಿಸಲು ಶುರು ಮಾಡಿದರು, ಅರ್ಧ ಗಂಟೆ ತಡವಾಗಿ.